ಅಕ್ಕವ್ವ ಕಡಿಯದೆ ಬಿಟ್ಟ ಮರಗಳು

ಹೇರೋಹಳ್ಳಿಯಲ್ಲಿ ಅಕ್ಕವ್ವನ ಬಾಯಿಗೆ ಹೆದರದೆ ಇದ್ದದ್ದು ಎರಡೇ. ಒಂದು ಅವಳ ಗಂಡ ದೇವೇಂದ್ರಪ್ಪ, ಇನ್ನೊಂದು ಅವಳ ಬಾಡಿಗೆ ಟ್ರಾಕ್ಟರು. ಟ್ರಾಕ್ಟರಿಗೆ ಕಿವಿ ಇರಲಿಲ್ಲ. ದೇವೇಂದ್ರಪ್ಪನಿಗೆ ಇದ್ದವು, ಆದರೆ ಮದುವೆಯಾದ ಮೊದಲ ವರ್ಷವೇ ಅವುಗಳನ್ನು ಬಳಸುವುದು ನಿಲ್ಲಿಸಿದ್ದ.

ಅಕ್ಕವ್ವ ಲಿಂಗಸುಗೂರು ಕಡೆಯವಳು. ಗಂಡ ಹೆಂಡತಿ ಬೆಂಗಳೂರಿಗೆ ಬಂದದ್ದು ಮನೆ ಕಟ್ಟುವ ಕೂಲಿಗೆ. ಚಂದ್ರಾ ಲೇಔಟಿನಲ್ಲಿ ಯಾರದೋ ಮನೆಯ ಮೂರನೇ ಅಂತಸ್ತಿಗೆ ಗಾರೆ ಹೊರುತ್ತಿದ್ದಾಗ, ಸೆಂಟ್ರಿಂಗಿಗೆ ನೀಲಗಿರಿ ಕಂಬ ತಂದು ಇಳಿಸುವವನು ಬಂದು, ಇಳಿಸಿ, ನೆರಳಿನಲ್ಲಿ ಕೂತು ಬೀಡಿ ಹಚ್ಚುವುದನ್ನು ಅವಳು ನೋಡುತ್ತಿದ್ದಳು. ತನ್ನ ತಲೆಯ ಮೇಲೆ ಬಾಂಡಲಿ, ಅವನ ತಲೆಯ ಮೇಲೆ ನೆರಳು. ಒಂದು ದಿನ ಬಾಂಡಲಿ ಕೆಳಗಿಟ್ಟು ಕೇಳಿಯೇಬಿಟ್ಟಳು.

"ಏನಣ್ಣಾ, ಈ ಕಂಬ ಎಲ್ಲಿಂದ ತರ್ತಿ?"

"ತೋಪಿಂದ. ಹೇರೋಹಳ್ಳಿ ಕಡೆ, ಕೆಂಗೇರಿ ಕಡೆ, ಎಲ್ ನೋಡಿದ್ರೂ ನೀಲಗಿರಿ ತೋಪೇ. ಕಡಿಯೋಕೆ ಜನಾನೇ ಸಿಗಲ್ಲ."

ಮರುದಿನ ಅಕ್ಕವ್ವ ತೋಪು ನೋಡಲು ಹೋದಳು. ಅವಳು ಬೆಳೆದ ಕಪ್ಪು ನೆಲದಲ್ಲಿ ಬಸ್ಸಿಗೆ ಕಾಯುವುದಕ್ಕೂ ಬೇವಿನ ಮರ ಹುಡುಕಬೇಕು. ಇಲ್ಲಿ ಸಾಲಾಗಿ ನಿಂತ ಮರಗಳನ್ನು ನೋಡಿ ಕೆಲವರಿಗೆ ಕವಿತೆ ಬರಬಹುದು. ಅಕ್ಕವ್ವನಿಗೆ ಬಂದದ್ದು ಒಂದೇ ಯೋಚನೆ. "ನಮ್ಮೂರಾಗ ಒಂದು ಮರ ಕಡಿದ್ರ ಊರೆಲ್ಲಾ ಕೂಡಿ ಪಂಚಾಯ್ತಿ ಮಾಡ್ತೈತಿ. ಇಲ್ಲಿ ತೋಪಿಗೆ ತೋಪೇ ಕಡಿದ್ರೂ ಕೇಳೋರಿಲ್ಲ. ಇಂಥಾ ಚಲೋ ಊರು ಎಲ್ಲೈತಿ!"

ಕೆಲವೇ ವರ್ಷಗಳಲ್ಲಿ ಅವಳದೇ ಒಂದು ಗುಂಪಾಯಿತು. ತಮ್ಮ ಕಡೆಯ ಗಂಡಸರು, ಹೆಂಗಸರು, ಕೊಡಲಿ, ಗರಗಸ, ದಿಮ್ಮಿ ಎಳೆಯಲು ಸರಪಳಿ. ಕೊಡಲಿ ಕಂಡ ದಿನವೇ ದೇವೇಂದ್ರಪ್ಪನಿಗೆ ಸೊಂಟನೋವು ಶುರುವಾದ್ದರಿಂದ ಅವನಿಗೆ ಅಡುಗೆ ಕೆಲಸ ಸಿಕ್ಕಿತು. ಅವನು ತಟ್ಟುವ ಜೋಳದ ರೊಟ್ಟಿ ಎಷ್ಟು ಚೆನ್ನಾಗಿತ್ತೆಂದರೆ, ಅಕ್ಕವ್ವನ ಬೈಗುಳ ತಾಳಲಾರದೆ ಗಂಟು ಕಟ್ಟಿದವರೂ ರೊಟ್ಟಿಯ ವಾಸನೆಗೆ ಗಂಟು ಬಿಚ್ಚುತ್ತಿದ್ದರು.

ಎರಡು ಸಾವಿರದ ನಾಲ್ಕರ ಬೇಸಿಗೆಯಲ್ಲಿ ಅವಳಿಗೆ ಮರಿಯಪ್ಪನವರ ತೋಪಿನ ಕೆಲಸ ಬಂತು. ಮರಿಯಪ್ಪ ಹೇರೋಹಳ್ಳಿಯ ಹಳೇ ಒಕ್ಕಲು ಮನೆತನದವರು. ರಾಗಿ ಬೆಳೆಯುತ್ತಿದ್ದ ಹೊಲ ಸೈಟುಗಳಾಗಿ, ರಾಗಿಯ ಬದಲು ಬಾಡಿಗೆ ಬೆಳೆಯುತ್ತಿತ್ತು. ಉಳಿದದ್ದು ದಿಬ್ಬದ ಮೇಲಿನ ನೀಲಗಿರಿ ತೋಪು. ಮುಂದಿನ ವರ್ಷದ ಪಂಚಾಯ್ತಿ ಎಲೆಕ್ಷನ್ನಿಗೆ ನಿಲ್ಲಬೇಕೆಂದು ತೀರ್ಮಾನಿಸಿದ ದಿನದಿಂದ ಅವರು ಬಿಳಿ ಪಂಚೆ, ಬಿಳಿ ಶರ್ಟು ಬಿಟ್ಟು ಬೇರೆ ಉಟ್ಟವರಲ್ಲ. ಜನಸೇವೆ ಇನ್ನೂ ಶುರುವಾಗಿರಲಿಲ್ಲ, ಬಟ್ಟೆ ಮಾತ್ರ ಶುರುವಾಗಿತ್ತು.

ಆ ಬಟ್ಟೆ ಒಗೆಯುತ್ತಿದ್ದವಳು ಜಲಜಾ. ತೋಪಿನ ನಡುವೆ ಹರಿಯುವ ಒಂದು ಸಣ್ಣ ಹಳ್ಳ ದಿಬ್ಬ ಇಳಿದು ಊರಿನ ಕುಂಟೆ ಸೇರುತ್ತಿತ್ತು. ಆ ಕುಂಟೆಯ ದಡದ ಚಪ್ಪಡಿ ಕಲ್ಲುಗಳ ಮೇಲೆ ಜಲಜಾ ಮರಿಯಪ್ಪನವರ ಬಿಳುಪನ್ನೂ, ವಿಜಯನಗರದ ಹತ್ತಾರು ಮನೆಗಳ ಹಾಸಿಗೆ ಹೊದಿಕೆಗಳನ್ನೂ ಬಡಿಯುತ್ತಿದ್ದಳು. ಹಳ್ಳದ ದಂಡೆಯಲ್ಲಿ ನೀಲಗಿರಿಯ ಜೊತೆ ಲಕ್ಕಿ, ಹೊಂಗೆ, ಲಂಟಾನ ಎಲ್ಲ ಸೇರಿ ಹೆಣೆದುಕೊಂಡಿದ್ದವು. ಅದನ್ನು ದಾಟಿ ಬರುವ ಹೊತ್ತಿಗೆ ನೀರು ತನ್ನ ಕೊಳೆಯನ್ನೆಲ್ಲ ಅಲ್ಲೇ ಕಳಚಿಟ್ಟು ಬರುತ್ತಿತ್ತು.

ಅಕ್ಕವ್ವ ಹಳ್ಳವನ್ನು ನೋಡಿದಳು. ಅವಳಿಗೆ ಕಂಡದ್ದು ನೀರಲ್ಲ, ರಸ್ತೆ. ದಿಬ್ಬದ ಮೇಲಿನಿಂದ ಕೆಳಗಿನ ಡಾಂಬರು ದಾರಿಯವರೆಗೆ ದೇವರೇ ತೋಡಿಟ್ಟ ಇಳಿಜಾರು. ದಂಡೆಯ ಪೊದೆ ಸವರಿಸಿ, ಮರ ಉರುಳಿಸಿ, ಹಳ್ಳದೊಳಗೇ ಟ್ರಾಕ್ಟರ್ ಇಳಿಸಿ ಸರಪಳಿ ಕಟ್ಟಿ ದಿಮ್ಮಿ ಎಳೆಸಿದಳು. ಕೆಲಸ ಬೆಣ್ಣೆಯಲ್ಲಿ ಕೂದಲು ಎಳೆದಂತೆ ಸಾಗಿತು. ಕೆಟ್ಟುನಿಂತ ಟ್ರಾಕ್ಟರಿನ ಹಳೇ ಆಯಿಲನ್ನು ಅಲ್ಲೇ ಸುರಿದರು. ತೊಗಟೆ, ಎಲೆ ಎಲ್ಲ ಬಿದ್ದಲ್ಲೇ ಬಿದ್ದಿತ್ತು. ಕುಡಿಯಲು ಹಳ್ಳದ ಮರಳಿನಲ್ಲಿ ಒಂದು ವರತೆ ತೋಡಿಕೊಂಡಿದ್ದರು. ಬೆಳಗಿನ ಬಯಲುಕಡೆಗೆ ಅದರ ಮೇಲುಭಾಗಕ್ಕೆ ಹೋಗುತ್ತಿದ್ದರು. ಆಗ ಯಾರಿಗೂ ಅದರಲ್ಲಿ ತಪ್ಪೇನೂ ಕಾಣಲಿಲ್ಲ.

ತೋಪಿನ ಅರ್ಧ ಬೋಳಾದಾಗ ಭರಣಿ ಮಳೆ ಬಂತು.

ಒಂದು ಮಧ್ಯಾಹ್ನ ಜಲಜಾ ಬಟ್ಟೆಯನ್ನೆಲ್ಲ ಕುಂಟೆಯ ನೀರಲ್ಲಿ ಹರಡಿ, ತೇಲಿಹೋಗದಂತೆ ಕಲ್ಲು ಹೇರಿ ಊಟಕ್ಕೆ ಹೋಗಿದ್ದಳು. ಮಳೆ ಸುರಿದು ನಿಂತಿತು. ವಾಪಸ್ ಬಂದು ನೋಡಿದರೆ ಕುಂಟೆ ಇಟ್ಟಿಗೆ ಗೂಡಿನ ಬಣ್ಣಕ್ಕೆ ತಿರುಗಿತ್ತು. ಕೆಮ್ಮಣ್ಣಿನ ಜೊತೆ ನೀಲಗಿರಿ ತೊಗಟೆಯ ಕಷಾಯವೂ ಇಳಿದು ಬಂದಿತ್ತು. ಮೇಲೆ ಆಯಿಲಿನ ಕಾಮನಬಿಲ್ಲು. ಬಟ್ಟೆಗಳು ಅದರಲ್ಲಿ ಚೆನ್ನಾಗಿ ನೆನೆದಿದ್ದವು. ನಲ್ಲಿ ನೀರಿನಲ್ಲಿ ಒಗೆದಳು, ಸೋಡಾ ಹಾಕಿ ಕುದಿಸಿದಳು, ನಿಂಬೆಹುಳಿ ತಿಕ್ಕಿದಳು. ಬಣ್ಣ ಹೋಗಲಿಲ್ಲ, ಇನ್ನಷ್ಟು ಸಮವಾಗಿ ಹರಡಿಕೊಂಡಿತು.

ಮರುದಿನ ಹೊಸ ಬಸ್ ತಂಗುದಾಣದ ಉದ್ಘಾಟನೆ. ಮರಿಯಪ್ಪನವರದೇ ಮುಂದಾಳತ್ವ. ಸಮಾರಂಭಕ್ಕೆಂದೇ ಇದ್ದಬದ್ದ ಬಿಳಿ ಜೊತೆಗಳನ್ನೆಲ್ಲ ಒಗೆಯಲು ಕಳಿಸಿದ್ದರು. ಮನೆಯಲ್ಲಿ ಉಳಿದದ್ದು ಪಟಾಪಟಿ ಲುಂಗಿ ಮತ್ತು ಮದುವೆಯ ಕಾಲದ ಸಫಾರಿ ಸೂಟು. ಸೂಟಿನ ಗುಂಡಿಗಳು ಕಾಜಾಗಳ ಮುಖ ನೋಡಿ ಎಷ್ಟೋ ವರ್ಷಗಳಾಗಿದ್ದವು.

"ಸ್ವಲ್ಪ ಕ್ರೀಮ್ ಕಲರ್ ಥರ ಇದೆ ಅಷ್ಟೇ," ಎಂದು ತಮಗೆ ತಾವೇ ಹೇಳಿಕೊಂಡು, ಬಣ್ಣ ಹಿಡಿದ ಒಂದು ಜೊತೆಯನ್ನೇ ಉಟ್ಟು ಹೊರಟರು. ನಡುಮನೆಯ ಟ್ಯೂಬ್‌ಲೈಟಿನಲ್ಲಿ ಅದು ಕ್ರೀಮೇ. ಹತ್ತು ಗಂಟೆಯ ಬಿಸಿಲಿನಲ್ಲಿ ಅಪ್ಪಟ ಕಾವಿ.

ಮೊದಲು ಕಂಡವನು ಊರ ಹಿರಿಯ ಚಿಕ್ಕಮುನಿಯಪ್ಪ. ಕಣ್ಣು ಮಂಜು, ಭಕ್ತಿ ಮಾತ್ರ ಸ್ಪಷ್ಟ. ಹಿಂದೆಮುಂದೆ ನೋಡದೆ ಮರಿಯಪ್ಪನವರ ಕಾಲಿಗೆ ಬಿದ್ದ. ಅವನನ್ನು ಕಂಡು ಇನ್ನಿಬ್ಬರು ಬಿದ್ದರು. ಮೈಕು ಹಿಡಿದವನು ಗಲಿಬಿಲಿಗೊಂಡು "ಪೂಜ್ಯರು ಈಗ ವೇದಿಕೆಗೆ ಬರಬೇಕು" ಎಂದ. ಎದುರುಪಕ್ಷದವರು ಅಲ್ಲೇ ನಿಂತು "ಸಂಸಾರ ಬಿಟ್ಟವರಿಗೆ ಪಂಚಾಯ್ತಿ ಯಾಕೆ ಸ್ವಾಮಿ?" ಎಂದು ಕೂಗಿದರು. ಹೆಂಗಸರು ಮರಿಯಪ್ಪನವರ ಹೆಂಡತಿ ಯಶೋದಮ್ಮನನ್ನು ಮುತ್ತಿಕೊಂಡರು.

"ಏನ್ ಯಶೋದಮ್ಮ, ಯಜಮಾನ್ರು ದೀಕ್ಷೆ ತಗೊಂಡ್ರಂತೆ?"

"ಅಷ್ಟು ಪುಣ್ಯ ನಾನೆಲ್ಲಿ ಮಾಡಿದೀನಮ್ಮ," ಎಂದರು ಯಶೋದಮ್ಮ. "ಬೆಳಿಗ್ಗೆ ಕೂಡ ಎರಡು ಸಲ ಕಾಫಿ ಕೇಳಿದ್ರು."

ಅಂದು ಸಂಜೆ ಮರಿಯಪ್ಪ ಜಲಜಾಳ ಮೇಲೆ ಕೂಗಾಡಿದರು. ಮರುದಿನ ಬೆಳಿಗ್ಗೆ ಅವಳು ಹಾಳಾದ ಬಟ್ಟೆಗಳನ್ನೆಲ್ಲ ಗಂಟು ಕಟ್ಟಿ ತಲೆಯ ಮೇಲಿಟ್ಟುಕೊಂಡು, ಕೆಂಪು ನೀರಿನ ಗುರುತು ಹಿಡಿದು ಹಳ್ಳದುದ್ದಕ್ಕೂ ಮೇಲೆ ಹತ್ತಿದಳು.

ತೋಪಿನಲ್ಲಿ ಕೊಡಲಿಯ ಸದ್ದಿರಲಿಲ್ಲ. ಗುಂಪಿನ ಅರ್ಧ ಜನ ಶೆಡ್ಡಿನಲ್ಲಿ ಹೊಟ್ಟೆ ಹಿಡಿದು ಮಲಗಿದ್ದರು. ಅಕ್ಕವ್ವ ಒಂದು ಬೊಡ್ಡೆಯ ಮೇಲೆ ಕೂತು ಗರಗಸದ ಹಲ್ಲು ಮಸೆಯುತ್ತಿದ್ದಳು.

"ಯಾರಮ್ಮ ಇಲ್ಲಿ ಮೇಸ್ತ್ರಿ?"

"ನಾನ. ಏನಾಗ್ಬೇಕಿತ್ತು?"

"ಆಗೋದೆಲ್ಲ ಆಗ್ಹೋಗಿದೆ. ನೋಡು ಇದನ್ನ!" ಜಲಜಾ ಗಂಟು ಬಿಚ್ಚಿ ಒಂದು ದೊಡ್ಡ ಬೆಡ್‌ಶೀಟನ್ನು ಝಾಡಿಸಿದಳು. "ವಿಜಯನಗರದ ಡಾಕ್ಟರಮ್ಮನ ಮನೇದು. ಹಾಲಿನ ಥರ ಇತ್ತು."

"ಚಲೋ ಕಾಣ್ತೈತಲ್ಲ. ಮೊದಲ ಬರೇ ಬೋಳು ಬೋಳು ಇದ್ದಿರಬೇಕು."

"ಬಾಯಿ ನೋಡು ಇವಳದು! ದಂಡೆ ಮರ ಎಲ್ಲ ಬೋಳಿಸಿದೀಯ, ಹಳ್ಳದೊಳಗೆ ಟ್ರಾಕ್ಟರ್ ಓಡಿಸಿದೀಯ. ಆ ಕೆಸರೆಲ್ಲ ಎಲ್ಲಿಗೆ ಹೋಗುತ್ತೆ ಅಂದ್ಕೊಂಡೆ? ನಿಮ್ಮೂರಿಗಾ?"

"ನೀರು ಕೆಳಗ ಹರೀತೈತಿ. ಅದಕ್ಕ ನಾ ಏನ್ ಮಾಡ್ಲಿ? ಮ್ಯಾಲಕ್ಕ ಹರಿ ಅಂತ ಕೈ ಮುಗೀಲೇನು?"

ಇಷ್ಟು ಹೇಳಿ ಅಕ್ಕವ್ವ ಇನ್ನೊಂದು ಒಳ್ಳೆಯ ಬೈಗುಳಕ್ಕೆ ಉಸಿರೆಳೆದುಕೊಂಡಳು. ಆದರೆ ಬೈಗುಳ ಬರಲಿಲ್ಲ. ಹೊಟ್ಟೆಯೊಳಗೆ ಏನೋ ಗುಡುಗಿತು.

"ಒಂದ್ ನಿಮಿಷ ತಡಿ. ಜಗಳ ಮುಗಿದಿಲ್ಲ ಮತ್ತ," ಎಂದು ಎದ್ದಳು.

ಎಡಕ್ಕೆ ನೋಡಿದಳು. ಬೊಡ್ಡೆಗಳು. ಬಲಕ್ಕೆ ನೋಡಿದಳು. ಅಲ್ಲೂ ಬೊಡ್ಡೆಗಳು. ಒಂದು ಲಂಟಾನದ ಕಡ್ಡಿಯನ್ನೂ ಉಳಿಸದೆ ಸವರಿಸಿದ್ದು ಅವಳೇ. ಕಡಿಯದ ಅರ್ಧ ತೋಪು ದೂರದಲ್ಲಿ, ಹಳ್ಳದ ಇನ್ನೊಂದು ಕವಲಿನ ಕಡೆಗಿತ್ತು. ಹೊಟ್ಟೆಗೆ ಅಷ್ಟು ವ್ಯವಧಾನ ಇರಲಿಲ್ಲ. ಕೆಳಗಡೆ ಡಾಂಬರು ದಾರಿಯಲ್ಲಿ ಬಸ್ಸು ಬೇರೆ ಬಂದು ನಿಂತಿತ್ತು. ಬೇರೆ ಗತಿಯಿಲ್ಲದೆ ಹಳ್ಳದ ತಗ್ಗಿನ ಕಡೆ ಓಡತೊಡಗಿದಳು.

"ಅಯ್ಯಯ್ಯೋ, ಹಳ್ಳದ ಕಡೆ ಮಾತ್ರ ಕೂರ್ಬೇಡ ಕಣೇ!" ಜಲಜಾ ಕಿರುಚಿದಳು. "ಕೆಳಗೆ ನಾನಿದೀನಿ, ನನ್ನ ಗಿರಾಕಿಗಳಿದಾರೆ!"

ಹಿಂದೆಯೇ ಓಡಿ, ಅವಳ ರಟ್ಟೆ ಹಿಡಿದು ಹಳ್ಳದಿಂದ ಆಚೆಗೆ ಎಳೆದಳು. ಕೈಯಲ್ಲಿದ್ದ ಬೆಡ್‌ಶೀಟನ್ನು ಎರಡೂ ಕೈಯಿಂದ ಅಗಲವಾಗಿ ಹಿಡಿದು ಮುಖ ಆಚೆ ತಿರುಗಿಸಿ ನಿಂತಳು.

"ಕೂತ್ಕೋ. ಬಸ್ಸಿನವ್ರಿಗೆ ಕಾಣಲ್ಲ."

ಪರದೆಯ ಹಿಂದಿನಿಂದ ಸೋತ ದನಿ ಬಂತು. "ನಮ್ಮ ಮಂದಿಗೆಲ್ಲಾ ಹಿಂಗ ಆಗೈತಿ ನೋಡು. ಮಳಿ ಬಂದಾಗಿಂದ."

"ಕುಡಿಯೋಕೆ ನೀರೆಲ್ಲಿಂದು?"

"ಹಳ್ಳದ ವರತಿದು."

"ದಿನಾ ಕೂರೋದು ಎಲ್ಲಿ?"

ಅಕ್ಕವ್ವ ಪರದೆಯ ಅಂಚಿನಿಂದ ತಲೆ ಹೊರಹಾಕಿ ವರತೆಯ ಕಡೆಗೊಮ್ಮೆ ನೋಡಿದಳು.

"ವರತಿ ಮ್ಯಾಲಿನ ಕಡಿ."

ಜಲಜಾ ನಗಲು ಶುರುಮಾಡಿದಳು. ನಗು ಕೈಗೆ ಇಳಿದು ಬೆಡ್‌ಶೀಟು ಅಲುಗಾಡಿತು. "ಏ ಯವ್ವಾ, ಅರಿವಿ ಗಟ್ಟಿ ಹಿಡಿ, ಆಮ್ಯಾಲ ನಗುವಂತಿ!" ಎಂದು ಅಕ್ಕವ್ವ ಕೂಗಿದಳು. ನಂತರ ಅವಳಿಗೂ ನಗು ತಡೆಯಲಾಗಲಿಲ್ಲ. ಶೆಡ್ಡಿನ ಬಾಗಿಲಲ್ಲಿ ನಿಂತಿದ್ದ ದೇವೇಂದ್ರಪ್ಪ, ತನ್ನ ಹೆಂಡತಿಯ ಜೊತೆ ಜಗಳಕ್ಕೆ ಬಂದವಳು ನಗುವುದನ್ನು ಮೊದಲ ಬಾರಿಗೆ ಕಂಡು ಬೆರಗಾದ.

ಜಗಳ ಅಲ್ಲಿಗೆ ಮುಗಿಯಿತು ಎನ್ನಲಾಗದು, ಆದರೆ ನಡೆಯುತ್ತಾ ಮುಂದುವರಿಯಿತು. ಇಬ್ಬರೂ ಹಳ್ಳದ ಗುಂಟ ಕೆಳಗಿಳಿದರು. ಟ್ರಾಕ್ಟರಿನ ಗಾಲಿಯ ಗುರುತುಗಳು ಎರಡು ಕಾಲುವೆಗಳಾಗಿ ಇನ್ನೂ ಕೆಸರು ಇಳಿಸುತ್ತಿದ್ದವು. ದಂಡೆ ಕುಸಿದು ಬಿದ್ದಿತ್ತು. ಕುಂಟೆಯ ಚಪ್ಪಡಿಯ ಮೇಲೆ ಪಾದ ಮುಳುಗುವಷ್ಟು ಕೆಸರು. ಸತ್ತ ಸಣ್ಣ ಮೀನುಗಳು ದಡದಲ್ಲಿ ಒಣಗುತ್ತಿದ್ದವು. ಕಡಿಯದ ಅರ್ಧದ ಕಡೆಯಿಂದ ಬರುವ ಒಂದು ತೆಳು ಸೀಳು ಮಾತ್ರ ತಿಳಿಯಾಗಿ ಹರಿದು ಬಂದು ಆ ಕೆಂಪಿನಲ್ಲಿ ಕರಗುತ್ತಿತ್ತು. ಅಕ್ಕವ್ವ ಅದನ್ನೇ ನೋಡುತ್ತಾ ನಿಂತಳು. ಅವಳ ಊರಿನಲ್ಲಿ ಇಷ್ಟು ನೀರಿಗೆ ಜನ ಕೊಡ ಹಿಡಿದು ಹೊಡೆದಾಡುತ್ತಾರೆ.

"ಮರ ಕಡೀಬ್ಯಾಡ ಅಂತೀಯೇನು?" ಎಂದಳು ಕೊನೆಗೆ.

"ಮರ ಕಟ್ಕೊಂಡು ನಂಗೇನಾಗ್ಬೇಕು? ಬೇಕಾದ್ರೆ ಬುಡಸಮೇತ ತಿನ್ನು. ನೀರು ಕೆಡಿಸ್ಬೇಡ ಅಷ್ಟೇ."

ಹೊಟ್ಟೆ ನೆಟ್ಟಗಾದ ಮೇಲೆ ಅಕ್ಕವ್ವ ಕೆಲಸದ ರೀತಿ ಬದಲಿಸಿದಳು. ಉಳಿದರ್ಧ ತೋಪಿನಲ್ಲಿ ಹಳ್ಳದ ಎರಡೂ ಬದಿ, ಒಂದು ಬಸ್ಸು ಅಡ್ಡ ನಿಲ್ಲುವಷ್ಟು ಅಗಲಕ್ಕೆ, ಮರಕ್ಕೂ ಪೊದೆಗೂ ಕೈ ಹಚ್ಚಬಾರದೆಂದು ಸುಣ್ಣ ಬಳಿದಳು. ದಿಮ್ಮಿಗಳನ್ನು ಕೆಳಕ್ಕೆ ಎಳೆಯದೆ ಇಳಿಜಾರಿಗೆ ಅಡ್ಡಲಾಗಿ ಎಳೆದು ದಿಬ್ಬದ ಮೇಲಿನ ಗಾಡಿದಾರಿಗೆ ಸೇರಿಸಬೇಕು. ನೆಲ ಹಸಿಯಿದ್ದ ದಿನ ಟ್ರಾಕ್ಟರ್ ಅಲುಗಬಾರದು. ಆಯಿಲ್ ಡಬ್ಬಗಳು ಮೇಲಿನ ಬಂಡೆಯ ಮೇಲೆ. ಬಯಲುಕಡೆಗೆ ದಿಬ್ಬದಾಚೆ ಗುಂಡಿ, ಸುತ್ತ ಗೋಣಿತಟ್ಟು.

ಮೊದಲ ಪ್ರಯತ್ನದಲ್ಲೇ ಎಡವಟ್ಟಾಯಿತು. ಕೆಸರು ತಡೆಯಲೆಂದು ರೆಂಬೆ, ತೊಗಟೆ, ಎಲೆ ಎಲ್ಲವನ್ನೂ ತಂದು ಹಳ್ಳದೊಳಗೇ ಒಟ್ಟಿಸಿದಳು. ಕೆಸರು ನಿಂತಿತು. ಆದರೆ ಸೊಪ್ಪು ಕೊಳೆತು ನೀರು ಬ್ಲ್ಯಾಕ್ ಕಾಫಿಯಂತಾಗಿ ನಾರತೊಡಗಿತು. ಜಲಜಾ ಮತ್ತೆ ಹತ್ತಿ ಬಂದಳು.

"ಕೆಂಪು ಮುಗೀತು, ಈಗ ಕಪ್ಪಾ? ನಾಳೆ ಹಸಿರು ಬರುತ್ತಾ?"

"ಏ, ಕಲಿಯಾಕತ್ತೀನಿ. ಹುಟ್ಟಿದ ಕೂಡ್ಲೇ ನೀ ಒಗ್ಯಾಕ ಕುಂತಿದ್ದೇನು?"

ಅಷ್ಟನ್ನೂ ಮತ್ತೆ ಎತ್ತಿ, ಹಳ್ಳದಿಂದ ದೂರದಲ್ಲಿ, ಗಾಲಿ ಕೊರೆದ ಕಾಲುವೆಗಳಲ್ಲಿ ಅಡ್ಡಡ್ಡ ಹಾಸಿದರು. ಬೋಳು ದಂಡೆಯಲ್ಲಿ ಲಕ್ಕಿ ಕಡ್ಡಿ ನೆಟ್ಟರು, ಹೊಂಗೆ ಬೀಜ ಊರಿದರು. ಕೆಲಸ ನಿಧಾನವಾಯಿತು. ಗುಂಪಿನವರು ಗೊಣಗಿದರು. ಗೊಣಗುವವರಿಗೆ ಅಕ್ಕವ್ವ ಹೊಸ ಕಾನೂನು ತಂದಳು: ಸಂಜೆಯ ಚಹಾ ಕೆಲಸದ ಜಾಗದಿಂದ ಕೆಳಗಿನ ಹಳ್ಳದ ನೀರಿನಲ್ಲಿ ಕುದಿಯಬೇಕು, ಮೊದಲ ಲೋಟ ಟ್ರಾಕ್ಟರ್ ಡ್ರೈವರ್ ಕುಡಿಯಬೇಕು. ಡ್ರೈವರ್ ಅಮರೇಶ ಅಂದಿನಿಂದ ಹಳ್ಳದ ಹತ್ತಿರ ಟ್ರಾಕ್ಟರನ್ನು ಮದುಮಗಳ ಮೆರವಣಿಗೆಯಂತೆ ನಡೆಸತೊಡಗಿದ.

ಮರಿಯಪ್ಪ ಬಂದು ಸುಣ್ಣ ಬಳಿದ ಮರಗಳನ್ನು ಕಂಡರು. ಆ ದಿನ ಅವರ ಮೈಮೇಲೆ ಹೊಸದಾಗಿ ಕೊಂಡ ಬಿಳಿ ಇತ್ತು.

"ಏನಮ್ಮ ಅಕ್ಕವ್ವ, ಇವನ್ಯಾಕೆ ಬಿಟ್ಟೆ? ತೋಪಲ್ಲಿ ದಪ್ಪ ಮರ ಇರೋದೇ ಇಲ್ಲಿ."

"ನೀರಿನ ದಂಡಿ ಮರ, ಗೌಡ್ರ. ಕಡಿಯಂಗಿಲ್ಲ."

"ತೋಪು ನಂದೋ ನಿಂದೋ?"

"ತೋಪು ನಿಮ್ದ. ಕೆಸರೂ ನಿಮ್ದ ಆಗ್ತೈತಿ. ನೀವು ಸ್ವಾಮಿಗಳಾಗೋದು ಖರೇ ಇದ್ರ ಹೇಳ್ರಿ, ಈಗ ಕಡಿಸ್ತೀನಿ. ಪಾದಪೂಜಿಗೆ ನಾನೂ ಬರ್ತೀನಿ."

ಮರಿಯಪ್ಪನವರ ಮುಖ ಕೆಂಪಾಯಿತು. ಬೇರೆ ಗುಂಪು ಕರೆಸುತ್ತೇನೆ ಎಂದರು. ಕರೆಸಿ ಎಂದಳು. ಅವರು ಸಿಟ್ಟಿನಲ್ಲೇ ಮನೆಗೆ ಹೋಗಿ ಯಶೋದಮ್ಮನಿಗೆ ಹೇಳಿದರು. ಯಶೋದಮ್ಮ ಅಕ್ಕಿ ಆರಿಸುವುದನ್ನು ನಿಲ್ಲಿಸಲೂ ಇಲ್ಲ. "ಕಡಿಸಿ. ಆದ್ರೆ ನಿಮ್ಮ ಬಟ್ಟೆ ನೀವೇ ಒಗ್ಕೊಳ್ಳಿ. ಜಲಜಾ ನಮ್ಮನೆ ಬಟ್ಟೆ ಮುಟ್ಟಲ್ಲ ಅಂದಿದಾಳೆ, ನಾನೂ ಅದನ್ನೇ ಹೇಳ್ತಿದೀನಿ." ಬೇರೆ ಗುಂಪು ಬರಲಿಲ್ಲ.

ಮುಂಗಾರು ಜೋರಾಗಿ ಹಿಡಿಯಿತು. ಒಂದು ಕಡೆ ಗಾಲಿಗುರುತಿನ ಮೇಲೆ ಹಾಸಿದ್ದ ರೆಂಬೆಗಳು ಕೊಚ್ಚಿಹೋದವು, ಸ್ವಲ್ಪ ಕೆಸರು ಇಳಿಯಿತು. ಕುಂಟೆಯ ನೀರು ಹಾಲು ಕಮ್ಮಿ ಹಾಕಿದ ಚಹಾದ ಬಣ್ಣಕ್ಕೆ ಬಂದು, ಕೆಲವು ದಿನಗಳಲ್ಲಿ ತಿಳಿಯಾಯಿತು. ಜಲಜಾ ಬಂದು ಹೊಗಳಲಿಲ್ಲ. ಬೈಯಲೂ ಬರಲಿಲ್ಲ. ಅಕ್ಕವ್ವ ಅದನ್ನೇ ಹೊಗಳಿಕೆ ಎಂದುಕೊಂಡಳು.

ಮರಿಯಪ್ಪ ಚುನಾವಣೆಯಲ್ಲಿ ಸೋತರು. ಅದಕ್ಕೆ ಕಾವಿ ಕಾರಣವೋ, ಅವರೇ ಕಾರಣವೋ ಹೇಳುವುದು ಕಷ್ಟ. ಚಿಕ್ಕಮುನಿಯಪ್ಪ ಮಾತ್ರ ಸಾಯುವವರೆಗೂ ಅವರಿಗೆ ದಾರಿಯಲ್ಲಿ ಕೈ ಮುಗಿಯುತ್ತಿದ್ದ, ಅವರೂ ಆಶೀರ್ವಾದ ಮಾಡುವುದನ್ನು ರೂಢಿಸಿಕೊಂಡಿದ್ದರು.

ಅಕ್ಕವ್ವ ಆಮೇಲೆ ಕೆಂಗೇರಿ ಕಡೆ, ಕುಂಬಳಗೋಡು ಕಡೆ ಹಲವು ತೋಪು ಕಡಿದಳು. ಹೋದಲ್ಲೆಲ್ಲ ಮೊದಲು ನೀರು ಎಲ್ಲಿದೆ ನೋಡಿ, ಅದರ ಮರ ಬಿಟ್ಟು ಮಿಕ್ಕದ್ದರ ಮಾತಾಡುತ್ತಿದ್ದಳು. ಕೆಲವರು ಒಪ್ಪಿದರು. ಕೆಲವರು ನಕ್ಕು ಅಟ್ಟಿದರು. ಕೆಂಗೇರಿಯಾಚೆ ಒಬ್ಬ ತೋಪಿನೊಡೆಯ ಅವಳು ಒಪ್ಪದಿದ್ದಾಗ ಜೆಸಿಬಿ ತಂದು ಒಂದೇ ದಿನದಲ್ಲಿ ಹಳ್ಳವನ್ನೇ ಮುಚ್ಚಿಸಿದ. ಅಂದು ಅಕ್ಕವ್ವ ದಿಮ್ಮಿಯೊಂದರ ಮೇಲೆ ಕೂತು ಅವನ ವಂಶವನ್ನು ಹಿಂದಕ್ಕೂ ಮುಂದಕ್ಕೂ ಬೈದಳು. ಬೈಗುಳದಿಂದ ಹಳ್ಳ ತೆರೆದುಕೊಳ್ಳಲಿಲ್ಲ. ಅಂದು ರಾತ್ರಿ ಅವಳು ರೊಟ್ಟಿ ಮುಟ್ಟಲಿಲ್ಲ. ದೇವೇಂದ್ರಪ್ಪನಿಗೆ ಆಗಲೇ ಗೊತ್ತಾದದ್ದು, ಇದು ಅವಳಿಗೆ ಬರೀ ಕೆಲಸದ ಮಾತಾಗಿ ಉಳಿದಿಲ್ಲವೆಂದು.

ನೀಲಗಿರಿ ಕಡಿದರೆ ಸಾಯುವ ಜಾತಿಯಲ್ಲ. ಮರಿಯಪ್ಪನವರ ತೋಪಿನ ಬೊಡ್ಡೆಗಳೆಲ್ಲ ಚಿಗುರಿ ಎರಡು ಸಾವಿರದ ಒಂಬತ್ತರ ಹೊತ್ತಿಗೆ ಮತ್ತೆ ಕಡಿಯುವಷ್ಟಾದವು. ಅಷ್ಟರಲ್ಲಿ ಹೇರೋಹಳ್ಳಿ ಮಹಾನಗರಪಾಲಿಕೆಗೆ ಸೇರಿತ್ತು. ರಸ್ತೆಯ ಗುಂಡಿಗಳು ಮಾತ್ರ ಇನ್ನೂ ಪಂಚಾಯ್ತಿಯಲ್ಲೇ ಇದ್ದವು. ಮರಿಯಪ್ಪ ಅಕ್ಕವ್ವನನ್ನೇ ಕರೆಸಿದರು. ದಂಡೆಯಲ್ಲಿ ಹೊಂಗೆ ಎದೆಯೆತ್ತರ ದಾಟಿತ್ತು, ಲಕ್ಕಿ ಹಬ್ಬಿ ನೀರನ್ನೇ ಮರೆಮಾಡಿತ್ತು.

"ಮೊದ್ಲಿನ ಥರಾನೇ," ಎಂದರು ಮರಿಯಪ್ಪ, ಅವಳು ಬಾಯಿ ತೆರೆಯುವ ಮೊದಲೇ. "ದಂಡೆ ಬಿಟ್ಟು."

"ನಾ ಏನೂ ಅಂದಿಲ್ಲಲ್ರಿ ಗೌಡ್ರ."

"ನೀನು ಅನ್ನೋದು ನಂಗೊತ್ತು. ಸುಮ್ನೆ ಶುರು ಮಾಡು."

ಬೈಯಲೆಂದು ಸಜ್ಜಾಗಿ ಬಂದಿದ್ದ ಅಕ್ಕವ್ವ ಸೀರೆಯ ಸೆರಗು ಸಿಕ್ಕಿಸಿಕೊಂಡು, ದಿಬ್ಬದ ಮೇಲೆ ನಿಂತಿದ್ದ ಅಮರೇಶನ ಕಡೆ ತಿರುಗಿ, ಆ ಎಲ್ಲ ಬೈಗುಳವನ್ನೂ ಅವನಿಗೆ ಕೊಟ್ಟಳು.